ಮಗಳಿಗೊಂದು ಪತ್ರ: ಆ ಸಹಿಯ ಬಗ್ಗೆ

ಪ್ರೀತಿಯ ಪುಟ್ಟಿ,

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಆ ಒಪ್ಪಂದ ಪತ್ರಕ್ಕೆ ನಾನು ಸಹಿ ಹಾಕುವುದಿಲ್ಲ. ಮೊದಲೇ ಹೇಳಿಬಿಟ್ಟಿದ್ದೇನೆ, ಕೊನೆಯ ಸಾಲಿನವರೆಗೂ ನೀನು ಅದನ್ನೇ ಹುಡುಕುತ್ತಾ ಓದುವುದು ಬೇಡ. ಆಯುಧಪೂಜೆಯ ದಿನ ಮನೆಯಲ್ಲಿ ಆದದ್ದನ್ನು ಮತ್ತೆ ಬರೆಯಲಾರೆ. ಅಜ್ಜಿಯ ಎದುರಿಗೆ ದನಿ ಏರಿಸಿದ್ದಕ್ಕೆ ಕ್ಷಮಿಸು. ಸಹಿಯ ವಿಷಯದಲ್ಲಿ ಮಾತ್ರ ನನ್ನ ಮಾತು ಅದೇ.

ನೀನು ಹಾಸ್ಟೆಲಿಗೆ ಹೋದಾಗಿನಿಂದ ಫೋನ್ ಎತ್ತುತ್ತಿಲ್ಲ. ಅರ್ಜಿಯ ಕೊನೆಯ ದಿನ, ನವೆಂಬರ್ 1, ಬಂದೇಬಿಡುತ್ತದೆ. ಅರ್ಲಿ ಡಿಸಿಷನ್ ಎಂದರೇನೆಂದು ಅಮ್ಮನಿಗೆ ತಿಳಿಯದು ಎಂದೆಯಲ್ಲ, ನೀನು ಹೋದ ಮೇಲೆ ಆ ಕಾಗದವನ್ನು ಪೂರ್ತಿ ಓದಿದೆ. ಬ್ಯಾಂಕಿನಲ್ಲಿ ಸಾಲದ ಕಡತಗಳನ್ನು ಓದುವ ಕೆಲಸದವಳು ನಾನು, ಕರಾರಿನ ಭಾಷೆ ನನಗೆ ಹೊಸದಲ್ಲ. ಕೊಲಂಬಿಯಾ ಸೀಟು ಕೊಟ್ಟರೆ ಉಳಿದ ಎಲ್ಲ ಅರ್ಜಿಗಳನ್ನೂ ಹಿಂದಕ್ಕೆ ಪಡೆದು ಅಲ್ಲಿಗೇ ಸೇರಬೇಕು. ವಿದ್ಯಾರ್ಥಿ, ಹೆತ್ತವರು, ಶಾಲೆಯ ಸಲಹೆಗಾರರು, ಮೂವರೂ ಸಹಿ ಹಾಕಬೇಕಾದದ್ದು ಅದಕ್ಕೇ. ಅವರು ಕೊಡುವ ನೆರವು ಸಾಲದೇ ಹೋದರೆ ಒಪ್ಪಂದದಿಂದ ಬಿಡುಗಡೆ ಕೇಳಬಹುದು, ಅದೊಂದೇ ದಾರಿ. ಆದರೆ ‘ಹಣಕಾಸಿನ ನೆರವು ಬೇಕೇ’ ಎಂಬ ಪ್ರಶ್ನೆಗೆ ನೀನು ‘ಬೇಡ’ ಎಂದು ಗುರುತು ಹಾಕಿದ್ದೀಯೆ. ಅಲ್ಲಿಗೆ ಆ ದಾರಿಯೂ ಮುಚ್ಚಿತು.

ಯಾಕೆ ಹಾಗೆ ಮಾಡಿದೆ ಎಂಬುದು ನನಗೆ ಅರ್ಥವಾಗಿದೆ. ಕೊಲಂಬಿಯಾದಲ್ಲಿ, ಸ್ಟ್ಯಾನ್‌ಫರ್ಡ್‌ನಲ್ಲಿ, ಇನ್ನೂ ಎಷ್ಟೋ ಕಡೆ, ಹೊರದೇಶದ ಮಕ್ಕಳು ನೆರವು ಕೇಳಿದರೆ ಆಯ್ಕೆಯ ಹೊತ್ತಿನಲ್ಲಿ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಕೇಳದಿದ್ದರೆ ಅವಕಾಶ ಸ್ವಲ್ಪ ಹೆಚ್ಚು. ನಿನ್ನ ಲೆಕ್ಕ ಸರಿ. ನನ್ನನ್ನು ರಾತ್ರಿ ನಿದ್ದೆಗೆಡಿಸುತ್ತಿರುವುದು ಆ ಲೆಕ್ಕವಲ್ಲ, ಆ ‘ಬೇಡ’.

ಐದನೆಯ ತರಗತಿಯ ವರ್ಷ ನಿನಗೆ ನೆನಪಿರಬಹುದು, ಆದರೆ ನನಗೆ ನೆನಪಿರುವ ಹಾಗೆ ಇರಲಾರದು. ಅಪ್ಪನ ಪ್ರೆಸ್ ಮುಚ್ಚಿದ್ದ ವರ್ಷ ಅದು. ನಿನಗೆ ಕಪ್ಪುಹಲಗೆ ಮಸುಕಾಗಿ ಕಾಣುತ್ತಿತ್ತು. ನೀನು ಯಾರಿಗೂ ಹೇಳಲಿಲ್ಲ. ಪಕ್ಕದ ಹುಡುಗಿಯ ಪುಸ್ತಕ ನೋಡಿಕೊಂಡು ಬರೆದುಕೊಂಡೆ, ಅವಳು ಬಾರದ ದಿನ ಊಹಿಸಿ ಬರೆದೆ. ಅರವತ್ತು ಮಕ್ಕಳಿದ್ದ ತರಗತಿ ಅದು. ಗಣಿತದ ಅಂಕ ಇಳಿಯುತ್ತಾ ಹೋಯಿತು. ಗಮನವಿಟ್ಟು ಓದುತ್ತಿಲ್ಲ ಎಂದು ಎಲ್ಲರೂ ನಿನ್ನನ್ನೇ ಬೈದೆವು, ನೀನು ಬೈಸಿಕೊಂಡೆ. ಕೊನೆಗೆ ಪತ್ತೆ ಹಚ್ಚಿದವರು ಗಣಿತದ ಮೇಷ್ಟ್ರು. ನಿನ್ನ ನೋಟ್‌ಬುಕ್ ಹಿಡಿದುಕೊಂಡು ಮನೆಗೇ ಬಂದರು. ‘ಈ ಹುಡುಗಿ 8 ಇರುವಲ್ಲಿ 3 ಬರೆದುಕೊಂಡಿದ್ದಾಳೆ, 6 ಇರುವಲ್ಲಿ 5. ಆದರೆ ತಾನು ಬರೆದುಕೊಂಡ ಲೆಕ್ಕವನ್ನು ತಪ್ಪಿಲ್ಲದೆ ಬಿಡಿಸಿದ್ದಾಳೆ. ಇವಳಿಗೆ ಲೆಕ್ಕ ಬರುತ್ತದೆ, ಕಣ್ಣು ಕಾಣುವುದಿಲ್ಲ’ ಎಂದರು.

ಆ ಸಂಜೆ ಮೇಷ್ಟ್ರು ಹೋದ ಮೇಲೆ, ಯಾಕೆ ಹೇಳಲಿಲ್ಲ ಎಂದು ಕೇಳಿದೆ. ‘ಕನ್ನಡಕಕ್ಕೆ ದುಡ್ಡು ಆಗುತ್ತದಲ್ಲ’ ಎಂದೆ. ಹತ್ತು ವರ್ಷದ ಮಗು. ನಾನೂ ಅಪ್ಪನೂ ಅಡುಗೆಮನೆಯಲ್ಲಿ ಸಣ್ಣ ದನಿಯಲ್ಲಿ ಆಡುತ್ತಿದ್ದ ಮಾತು ನಿನ್ನ ಕಿವಿಗೆ ಬಿದ್ದು, ನಿನ್ನಷ್ಟಕ್ಕೆ ನೀನು ತೀರ್ಮಾನ ಮಾಡಿಕೊಂಡಿದ್ದೆ. ಅಷ್ಟು ದಿನ ಯಾರು ಕೇಳಿದರೂ ‘ಕಾಣುತ್ತದೆ’ ಎಂದೇ ಹೇಳಿದ್ದೆ. ಒಮ್ಮೆಯೂ ಅಳಲಿಲ್ಲ, ಅದೇ ನನಗೆ ಹೆಚ್ಚು ಸಂಕಟ. ಅತ್ತಿದ್ದರೆ ಯಾರಾದರೂ ವಿಚಾರಿಸುತ್ತಿದ್ದರು. ಆ ನೋಟ್‌ಬುಕ್ ಈಗಲೂ ನನ್ನ ಬೀರುವಿನಲ್ಲಿದೆ, ನಿನಗೆ ಗೊತ್ತಿಲ್ಲ. ಪ್ರಶ್ನೆ ತಪ್ಪು, ಉತ್ತರ ಸರಿ. ಪುಟ ಪುಟವೂ ಹಾಗೆಯೇ. ನೋಡಿದಾಗೆಲ್ಲ ಹೆಮ್ಮೆಯೂ ಆಗುತ್ತದೆ, ಹೊಟ್ಟೆಯೂ ಉರಿಯುತ್ತದೆ.

ಈಗ ನಿನಗೆ ಹದಿನೇಳು. ಪ್ರೆಸ್ ಮತ್ತೆ ನಡೆಯುತ್ತಿದೆ, ನನ್ನ ಸಂಬಳ ಬರುತ್ತದೆ. ಆದರೂ ನೀನು ಒಬ್ಬಳೇ ಕುಳಿತು, ನಮ್ಮನ್ನು ಕೇಳದೆ, ‘ಬೇಡ’ ಎಂದು ಗುರುತು ಹಾಕಿದೆ. ಅದನ್ನು ನೋಡಿದಾಗ ನನಗೆ ಕಂಡದ್ದು ಅಮೆರಿಕವಲ್ಲ, ಕಪ್ಪುಹಲಗೆ. ಅಲ್ಲಿ ನಿನ್ನ ನೋಟ್‌ಬುಕ್ ಹಿಡಿದುಕೊಂಡು ಯಾರು ಬರುತ್ತಾರೆ? ಜ್ವರ ಬಂದರೆ, ತರಗತಿಯಲ್ಲಿ ಹಿಂದೆ ಬಿದ್ದರೆ, ಊಟದ ಕಾರ್ಡಿನಲ್ಲಿ ಹಣ ಮುಗಿದರೆ ‘ಚೆನ್ನಾಗಿದ್ದೇನೆ’ ಎನ್ನುತ್ತೀಯೆ. ಬೇರೆ ಮಕ್ಕಳ ತಾಯಂದಿರಿಗೆ ಈ ಭಯ ಇರಲಾರದು, ನನಗಿದೆ. ಕನ್ನಡಕದ ಮಾತು ಇಷ್ಟು ಉದ್ದ ಎಳೆದೆನೆಂದು ಸಿಟ್ಟಾಗಬೇಡ. ನನಗೆ ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿಲ್ಲ.

ಇನ್ನು ಹಣದ ವಿಷಯ. ಅಲ್ಲಿನ ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ, ವಸತಿ, ಊಟ ಎಲ್ಲ ಸೇರಿ ವರ್ಷಕ್ಕೆ 90,000 ಡಾಲರಿನ ಆಸುಪಾಸು. ನಾಲ್ಕು ವರ್ಷಕ್ಕೆ ನಮ್ಮ ಹಣದಲ್ಲಿ ಮೂರು ಕೋಟಿ ರೂಪಾಯಿ. ಒಂದೇ ಒಂದು ಕೋಟಿ ಸಾಲ ಮಾಡಿದರೂ ಶೇ 10ರ ಬಡ್ಡಿಯಲ್ಲಿ ತಿಂಗಳಿಗೆ 83,000 ರೂಪಾಯಿ ಬಡ್ಡಿಗೇ ಹೋಗುತ್ತದೆ, ಅಸಲು ಹಾಗೆಯೇ ನಿಂತಿರುತ್ತದೆ. ಓದುವ ವರ್ಷಗಳಲ್ಲಿ ಕಂತು ಕಟ್ಟಬೇಕಿಲ್ಲ ಎಂದು ಸಮಾಧಾನ ಹೇಳುತ್ತಾರೆ. ಆ ವರ್ಷಗಳಲ್ಲೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ ಎಂಬುದನ್ನು ನನ್ನ ಮೇಜಿನ ಎದುರು ಕೂರುವ ಹೆತ್ತವರಿಗೆ ನಾನೇ ವಿವರಿಸುತ್ತೇನೆ. ಮನೆ ಅಡವಿಡಲು ಅಪ್ಪ ಸಿದ್ಧ, ನಿನಗೆ ಗೊತ್ತು. ಅವರು ಸಿದ್ಧ ಎಂಬ ಕಾರಣಕ್ಕೇ ನಾನು ಬೇಡ ಎನ್ನುತ್ತಿದ್ದೇನೆ.

ಅಲ್ಲೇ ದುಡಿದು ತೀರಿಸುತ್ತೇನೆ ಎಂದೆ. ಓದು ಮುಗಿದ ಮೇಲೆ ಒಪಿಟಿ ಎಂಬ ತಾತ್ಕಾಲಿಕ ಕೆಲಸದ ಅನುಮತಿಯಲ್ಲಿ ಒಂದು ವರ್ಷ, ಗಣಿತ ಅಥವಾ ಸಂಖ್ಯಾಶಾಸ್ತ್ರದವರಿಗೆ ಇನ್ನೆರಡು ವರ್ಷ ಕೆಲಸ ಮಾಡಲು ಬಿಡುತ್ತಾರೆ, ನಿಜ. ಆಮೇಲೆ ಎಚ್-1ಬಿ ಎಂಬ ಕೆಲಸದ ವೀಸಾ ಬೇಕು. ವರ್ಷಕ್ಕೆ 85,000 ವೀಸಾ, ಅರ್ಜಿ ಹಾಕುವವರು ಅದಕ್ಕಿಂತ ಎಷ್ಟೋ ಪಟ್ಟು. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕವನ್ನೂ ಘೋಷಿಸಿದರು. ಅದೇ ವರ್ಷದ ಮೇ ತಿಂಗಳಿನಲ್ಲಿ ಹಾರ್ವರ್ಡ್ ವಿದೇಶಿ ವಿದ್ಯಾರ್ಥಿಗಳನ್ನೇ ಸೇರಿಸಿಕೊಳ್ಳದಂತೆ ಅಲ್ಲಿನ ಸರ್ಕಾರ ಆದೇಶ ಮಾಡಿ, ನ್ಯಾಯಾಲಯ ಅದನ್ನು ತಡೆಯಬೇಕಾಯಿತು. ಇಷ್ಟು ಅಲುಗಾಡುವ ನೆಲದ ಮೇಲೆ ಸಾಲದ ಭಾರ ಇಡಬಾರದು. ಓದನ್ನು ಇಡಬಹುದು. ಓದಿದ್ದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ.

ನೀನು ಮಾಡಿದ ಪಟ್ಟಿಯನ್ನೂ ನೋಡಿದೆ. ರ‍್ಯಾಂಕಿಂಗ್‌ನಲ್ಲಿ ಹೇಗಿದೆಯೋ ಹಾಗೆಯೇ ಇಳಿಸಿದ್ದೀಯೆ. ಯು.ಎಸ್. ನ್ಯೂಸ್ ಪತ್ರಿಕೆ 1983ರಿಂದ ಈ ಶ್ರೇಯಾಂಕ ಕೊಡುತ್ತಾ ಬಂದಿದೆ, ಅದಕ್ಕೆ ಬೇಕಾದ ಎಷ್ಟೋ ಅಂಕಿಗಳನ್ನು ಕೊಡುವುದು ಆಯಾ ವಿಶ್ವವಿದ್ಯಾಲಯಗಳೇ. 2022ರಲ್ಲಿ ಕೊಲಂಬಿಯಾ ಎರಡನೆಯ ಸ್ಥಾನದಲ್ಲಿತ್ತು. ಅಲ್ಲಿಯ ಗಣಿತದ ಪ್ರಾಧ್ಯಾಪಕ ಮೈಕೆಲ್ ಥ್ಯಾಡಿಯಸ್ ತಮ್ಮದೇ ಸಂಸ್ಥೆಯ ಅಂಕಿಗಳನ್ನು ಕೂತು ಪರೀಕ್ಷಿಸಿದರು. ಇಪ್ಪತ್ತಕ್ಕಿಂತ ಕಡಿಮೆ ವಿದ್ಯಾರ್ಥಿಗಳಿರುವ ತರಗತಿಗಳು ಶೇ 82.5 ಎಂದು ಸಂಸ್ಥೆ ಹೇಳಿತ್ತು. ಅಷ್ಟಿಲ್ಲ ಎಂದು ಅವರು ತೋರಿಸಿದರು. ಸಂಸ್ಥೆ ಮರುಲೆಕ್ಕ ಹಾಕಿದಾಗ ಅದು ಶೇ 57ಕ್ಕೆ ಇಳಿಯಿತು, ಸ್ಥಾನ ಹದಿನೆಂಟಕ್ಕೆ ಜಾರಿತು. ಆ ಆರು ತಿಂಗಳಿನಲ್ಲಿ ಅಲ್ಲಿಯ ಪಾಠ ಕೆಡಲಿಲ್ಲ, ಗ್ರಂಥಾಲಯ ಸಣ್ಣದಾಗಲಿಲ್ಲ. ಅಂಕಿ ಬದಲಾಯಿತು, ಅಷ್ಟೇ. ತನ್ನ ಸಂಸ್ಥೆಯ ಲೆಕ್ಕವನ್ನೇ ಪ್ರಶ್ನಿಸುವ ಗಣಿತದ ಮೇಷ್ಟ್ರು ಇರುವ ಜಾಗ ನನಗೆ ಹದಿನೆಂಟನೆಯ ಸ್ಥಾನದಲ್ಲೂ ಗೌರವದ್ದೇ. ಕೊಲಂಬಿಯಾ ಬೇಡ ಎಂದು ನಾನು ಹೇಳುತ್ತಿಲ್ಲ, ಆ ಒಪ್ಪಂದ ಬೇಡ ಎನ್ನುತ್ತಿದ್ದೇನೆ.

ನಾನು ರಾತ್ರಿ ಹೊತ್ತು ಕೂತು ಓದಿ ಬೇರೆ ರೀತಿಯಲ್ಲಿ ವಿಂಗಡಿಸಿದ್ದೇನೆ. ಮೊದಲ ಪ್ರಶ್ನೆ, ನೆರವು ಕೇಳಿದರೆ ಅದನ್ನು ನಿನ್ನ ವಿರುದ್ಧ ಎಣಿಸುತ್ತಾರೋ ಇಲ್ಲವೋ ಎಂಬುದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಡಾರ್ಟ್‌ಮತ್, ಬ್ರೌನ್, ಆಮ್‌ಹರ್ಸ್ಟ್, ಬೋಡಿನ್, ಇವು ಹೊರದೇಶದವರಿಗೂ ಎಣಿಸುವುದಿಲ್ಲ. ಸೇರಿಸಿಕೊಂಡರೆ ಕುಟುಂಬಕ್ಕೆ ಎಷ್ಟು ಕಟ್ಟಲು ಸಾಧ್ಯ ಎಂದು ಲೆಕ್ಕ ಹಾಕಿ ಉಳಿದದ್ದನ್ನು ತುಂಬುತ್ತಾರೆ. ಸೀಟು ಸಿಗುವುದು ಬಹಳ ಕಷ್ಟ, ಹಾರ್ವರ್ಡ್‌ನಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿಗೆ. ಆದರೆ ಆ ಕಷ್ಟ ನಿನ್ನ ಓದಿಗೆ ಸಂಬಂಧಿಸಿದ್ದು, ಅಪ್ಪನ ಪ್ರೆಸ್ಸಿಗಲ್ಲ. ಬರ್ಕ್ಲಿಯನ್ನು ನೀನು ಮೂರನೆಯದಾಗಿ ಬರೆದಿದ್ದೀಯೆ. ಸಾರ್ವಜನಿಕ ವಿಶ್ವವಿದ್ಯಾಲಯ, ದೊಡ್ಡ ಹೆಸರು, ಗಣಿತಕ್ಕೆ ನಿಜಕ್ಕೂ ಶ್ರೇಷ್ಠ. ಆದರೆ ಹೊರದೇಶದ ಮಕ್ಕಳ ಬಡತನ ನೋಡಿ ನೆರವು ಕೊಡುವ ಪದ್ಧತಿ ಅಲ್ಲಿಲ್ಲ. ಪದವಿ ವಿದ್ಯಾರ್ಥಿಗಳೇ ಮೂವತ್ತು ಸಾವಿರಕ್ಕೂ ಹೆಚ್ಚು, ಮೊದಲ ವರ್ಷದ ಕೆಲವು ತರಗತಿಗಳಲ್ಲಿ ನೂರಾರು ಮಂದಿ. ಕೈ ಎತ್ತಿ ಕೇಳಬಲ್ಲ ಮಗುವಿಗೆ ಅದು ಸ್ವರ್ಗ. ನನ್ನ ಮಗುವಿಗೆ ಅಲ್ಲ.

ಎರಡನೆಯ ಪ್ರಶ್ನೆ, ಹೇಗೆ ಕಲಿಸುತ್ತಾರೆ ಎಂಬುದು. ಇದನ್ನು ಓದುವಾಗ ನಾನೇ ಹದಿನೇಳರ ಹುಡುಗಿಯಾಗಿದ್ದರೆ ಅನ್ನಿಸಿತು. ಕೊಲಂಬಿಯಾದಲ್ಲಿ 1919ರಿಂದ ಬಂದ ಕೋರ್ ಪಠ್ಯಕ್ರಮವಿದೆ, ಗಣಿತದವರೂ ತತ್ವಶಾಸ್ತ್ರ, ಸಾಹಿತ್ಯ, ಸಂಗೀತವನ್ನು ಸಣ್ಣ ತರಗತಿಗಳಲ್ಲಿ ಓದಲೇಬೇಕು. ಬ್ರೌನ್‌ನಲ್ಲಿ 1969ರಿಂದ ಇದಕ್ಕೆ ತದ್ವಿರುದ್ಧ: ಕಡ್ಡಾಯ ವಿಷಯಗಳ ಪಟ್ಟಿಯೇ ಇಲ್ಲ, ಮುಖ್ಯ ವಿಷಯಕ್ಕೆ ಬೇಕಾದದ್ದನ್ನು ಬಿಟ್ಟು ಉಳಿದದ್ದೆಲ್ಲ ನಿನ್ನ ಆಯ್ಕೆ. ಎಂಐಟಿಯಲ್ಲಿ ಎಲ್ಲರೂ ಕಲನಶಾಸ್ತ್ರ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ದಾಟಬೇಕು. ಆದರೆ ಮೊದಲ ಸೆಮಿಸ್ಟರಿನಲ್ಲಿ ಫೇಲಾದರೆ ಹೊರಗೆ ಕಾಣುವ ಅಂಕಪಟ್ಟಿಯಲ್ಲಿ ಅದು ಬರುವುದಿಲ್ಲ. ಎಡವುವುದಕ್ಕೂ ಮಕ್ಕಳಿಗೆ ಸಮಯ ಕೊಡುವ ಆ ನಿಯಮ ಮಾಡಿದವರಿಗೆ ಕೈಮುಗಿಯಬೇಕು ಅನ್ನಿಸುತ್ತದೆ. ಷಿಕಾಗೋದಲ್ಲಿ ಸೆಮಿಸ್ಟರ್ ಬದಲು ಕ್ವಾರ್ಟರ್, ಹತ್ತು ವಾರಕ್ಕೊಂದು ಕೋರ್ಸ್ ಮುಗಿಯುತ್ತದೆ. ಅಲ್ಲಿ ಹಿಂದೆ ಬಿದ್ದರೆ ಹಿಡಿಯುವುದು ಕಷ್ಟ.

ನನ್ನ ಮನಸ್ಸು ನಿಂತದ್ದು ಪ್ರಿನ್ಸ್‌ಟನ್ ಮೇಲೆ. ಅಲ್ಲಿ ವೈದ್ಯಕೀಯ, ಕಾನೂನು, ವ್ಯಾಪಾರ ಶಾಲೆಗಳಿಲ್ಲ, ಪದವಿಯ ಮಕ್ಕಳೇ ಸಂಸ್ಥೆಯ ನಡುಮನೆಯವರು. ಉಪನ್ಯಾಸದ ಜೊತೆಗೆ ಪ್ರಿಸೆಪ್ಟ್ ಎಂಬ ಸಣ್ಣ ಗುಂಪಿನ ಚರ್ಚೆ ಇರುತ್ತದೆ, 1905ರಲ್ಲಿ ವುಡ್ರೋ ವಿಲ್ಸನ್ ಅಲ್ಲಿಯ ಅಧ್ಯಕ್ಷರಾಗಿದ್ದಾಗ ತಂದದ್ದು. ಗಣಿತದಲ್ಲಿ ಪದವಿ ಪಡೆಯುವವರೆಲ್ಲ ಕೊನೆಯ ವರ್ಷ ಒಬ್ಬ ಪ್ರಾಧ್ಯಾಪಕರ ಜೊತೆ ಕುಳಿತು ಪ್ರೌಢಪ್ರಬಂಧ ಬರೆಯಬೇಕು. ನೆರವಿನಲ್ಲಿ ಸಾಲ ಸೇರಿಸುವುದನ್ನು 2001ರಲ್ಲೇ ನಿಲ್ಲಿಸಿದ್ದಾರೆ. ಅಲ್ಲಿಗೂ ನವೆಂಬರ್ 1ಕ್ಕೇ ಬೇಗನೆ ಅರ್ಜಿ ಹಾಕಬಹುದು. ಜೊತೆಗೆ ಬೇರೆ ಖಾಸಗಿ ಕಡೆ ಬೇಗನೆಯ ಅರ್ಜಿ ಹಾಕುವಂತಿಲ್ಲ ಎಂಬುದೊಂದೇ ಷರತ್ತು. ಸೇರಲೇಬೇಕೆಂಬ ಕರಾರಿಲ್ಲ, ಮೇ 1ರವರೆಗೆ ಯೋಚಿಸಬಹುದು. ನನ್ನ ಸಹಿ ಕೇಳುವ ಒಪ್ಪಂದವೂ ಇಲ್ಲ.

ಉಳಿದವಕ್ಕೆ ಜನವರಿಯ ಅರ್ಜಿ. ಆ ಪಟ್ಟಿಯಲ್ಲಿ ನೀನು ಒಂದೂ ಸಣ್ಣ ಕಾಲೇಜನ್ನು ಬರೆದಿಲ್ಲ. ‘ಕಾಲೇಜು’ ಎಂದ ಮಾತ್ರಕ್ಕೆ ಕೀಳಾಗಿ ಕಾಣಬೇಡ. ಆಮ್‌ಹರ್ಸ್ಟ್‌ನಲ್ಲಿ ಎರಡು ಸಾವಿರ ವಿದ್ಯಾರ್ಥಿಗಳೂ ಇಲ್ಲ, ಆದರೆ ಹತ್ತಿರದ ಇನ್ನು ನಾಲ್ಕು ಸಂಸ್ಥೆಗಳಲ್ಲೂ ತರಗತಿ ತೆಗೆದುಕೊಳ್ಳಬಹುದು. ವಿಲಿಯಮ್ಸ್‌ನಲ್ಲಿ ಟ್ಯುಟೋರಿಯಲ್ ಎಂಬ ಕೋರ್ಸ್‌ಗಳಿವೆ: ಇಬ್ಬರು ವಿದ್ಯಾರ್ಥಿಗಳು, ಒಬ್ಬ ಪ್ರಾಧ್ಯಾಪಕರು. ಒಂದು ವಾರ ನೀನು ಬರೆದು ತರುತ್ತೀಯೆ, ಇನ್ನೊಬ್ಬರು ಅದನ್ನು ವಿಮರ್ಶಿಸುತ್ತಾರೆ. ಮರುವಾರ ಅವರು ತರುತ್ತಾರೆ, ನೀನು ವಿಮರ್ಶಿಸುತ್ತೀಯೆ. ವಿಲಿಯಮ್ಸ್ ವಿದೇಶಿಯರ ಅಗತ್ಯವನ್ನು ಆಯ್ಕೆಯಲ್ಲಿ ಗಮನಿಸುತ್ತದೆ, ಆದರೆ ಸೇರಿಸಿಕೊಂಡವರಿಗೆ ಪೂರ್ತಿ ನೆರವು, ಅದೂ ಸಾಲವಿಲ್ಲದೆ. ಮೂವರೇ ಇರುವ ಆ ಕೋಣೆಯಲ್ಲಿ 8ನ್ನು 3 ಎಂದು ಬರೆದುಕೊಂಡರೆ ಆ ದಿನವೇ ತಿಳಿಯುತ್ತದೆ.

ಉಪದೇಶ ಮಾಡಬಾರದೆಂದೇ ಕುಳಿತೆ, ಆದರೂ ಕೇಳು. ಕಷ್ಟವಾದಾಗ ಹೇಳುವುದನ್ನು ಕಲಿ. ಅಲ್ಲಿ ಪ್ರತಿ ಪ್ರಾಧ್ಯಾಪಕರೂ ಆಫೀಸ್ ಅವರ್ಸ್ ಎಂದು ವಾರದಲ್ಲಿ ಹೊತ್ತು ಮೀಸಲಿಡುತ್ತಾರೆ. ಸುಮ್ಮನೆ ಹೋಗಿ ಕುಳಿತುಕೊಳ್ಳಬೇಕು, ಗೊತ್ತಿಲ್ಲ ಎನ್ನಬೇಕು. ಈಗಿನಿಂದಲೇ ಹಾಸ್ಟೆಲಿನಲ್ಲಿ ಅಭ್ಯಾಸ ಮಾಡು. ರಾತ್ರಿ ಹನ್ನೆರಡರ ಮೇಲೆ ಅರ್ಜಿಯ ಪ್ರಬಂಧ ಬರೆಯಬೇಡ. ಕನ್ನಡಕದ ನಂಬರ್ ಪರೀಕ್ಷಿಸಿ ಎರಡು ವರ್ಷವಾಯಿತು. ಎಲ್ಲೂ ಸೀಟು ಸಿಗದಿದ್ದರೆ ಬೆಂಗಳೂರಿನ ಐಐಎಸ್‌ಸಿಯಲ್ಲೇ ನಾಲ್ಕು ವರ್ಷದ ಪದವಿಯಿದೆ, ಅದನ್ನು ಪಡೆಯುವುದೂ ಸುಲಭವಲ್ಲ. ಹಾಗಾಗಿ ಅದಕ್ಕೆ ಬೇಕಾದ ಪ್ರವೇಶ ಪರೀಕ್ಷೆಗೂ ಓದುತ್ತಿರು.

ಸಿಎಸ್‌ಎಸ್ ಪ್ರೊಫೈಲ್ ಎಂಬ ನೆರವಿನ ಅರ್ಜಿಗೆ ಬೇಕಾದ ನನ್ನ ಫಾರ್ಮ್ 16, ಅಪ್ಪನ ಆದಾಯ ತೆರಿಗೆ ರಿಟರ್ನ್, ಪ್ರೆಸ್ಸಿನ ಲೆಕ್ಕಪತ್ರ ಎಲ್ಲವನ್ನೂ ಸ್ಕ್ಯಾನ್ ಮಾಡಿಸಿದ್ದೇನೆ. ಅಪ್ಪ ತಾವೇ ಅಂಗಡಿಗೆ ಹೋಗಿ ಮಾಡಿಸಿಕೊಂಡು ಬಂದರು, ನಾಚಿಕೆಪಟ್ಟುಕೊಳ್ಳಲಿಲ್ಲ, ನೀನೂ ಪಟ್ಟುಕೊಳ್ಳಬೇಡ. ಪ್ರಿನ್ಸ್‌ಟನ್‌ನವರು ಶಾಲೆಯಲ್ಲಿ ಅಂಕ ಪಡೆದ ಒಂದು ಬರಹವನ್ನು ಕಳಿಸಲು ಹೇಳುತ್ತಾರೆ. ಹೊಯ್ಸಳರ ಕಾಲದ ಕೆರೆಗಳ ಬಗ್ಗೆ ಹನ್ನೊಂದನೆಯ ತರಗತಿಯಲ್ಲಿ ಇತಿಹಾಸಕ್ಕೆ ಬರೆದಿದ್ದೆಯಲ್ಲ, ಮೇಡಂ ಕೆಂಪು ಶಾಯಿಯಲ್ಲಿ ಟಿಪ್ಪಣಿ ಹಾಕಿದ್ದು, ಅದು ಒಳ್ಳೆಯದು. ಸಿಕ್ಕಿತು, ಈ ಪತ್ರದ ಜೊತೆ ಇಟ್ಟಿದ್ದೇನೆ. ನಿನಗೆ ಬೇರೆ ಯಾವುದೋ ಸರಿ ಅನ್ನಿಸಿದರೆ ಅದನ್ನೇ ಕಳಿಸು. ಪ್ರಿನ್ಸ್‌ಟನ್ ಬೇಡ, ಯೇಲ್ ಇರಲಿ ಎಂದರೂ ನನ್ನ ತಕರಾರಿಲ್ಲ, ಓದುವವಳು ನೀನು. ಆದರೆ ಎಲ್ಲಿಗೆ ಅರ್ಜಿ ಹಾಕಿದರೂ ಆ ಪ್ರಶ್ನೆಗೆ ‘ಬೇಕು’ ಎಂದು ಗುರುತು ಹಾಕು. ಹಾಕಿದ ಮೇಲೆ ನನಗೆ ಫೋನ್ ಮಾಡು. ಹಾಕುವುದಿಲ್ಲ ಎನ್ನುವುದಾದರೂ ಫೋನ್ ಮಾಡು.

ನಿನ್ನ
ಅಮ್ಮ