ಹತ್ತು ಲಕ್ಷದಲ್ಲಿ ಒಬ್ಬಳಾದ ನನ್ನ ತಂಗಿಯ ಪರವಾಗಿ

ಆತ್ಮೀಯರೆ,

ಈ ಜೂನ್‌ನಲ್ಲಿ ಶಾಲೆ ಶುರುವಾದಾಗ ನನ್ನ ತಂಗಿ ಮತ್ತೆ ಪಾಠ ಮಾಡಲು ಹೋಗಿದ್ದಾಳೆ. ಕಳೆದ ಮಳೆಗಾಲದಲ್ಲಿ ಅವಳ ಜೀವಕ್ಕೇ ಕುತ್ತು ತಂದಿದ್ದ ಕಾಯಿಲೆಯ ಹೆಸರು ಸ್ಟೀವನ್ಸ್–ಜಾನ್ಸನ್ ಸಿಂಡ್ರೋಮ್. ಸೇವಿಸಿದ ಔಷಧಿಯ ವಿರುದ್ಧ ದೇಹವೇ ತಿರುಗಿಬಿದ್ದು, ಚರ್ಮದ ಹೊರಪದರ ಸುಟ್ಟ ಗಾಯದಂತೆ ಕಳಚಿಬರುವ, ಬಾಯಿ, ಕಣ್ಣು, ಗಂಟಲುಗಳ ಒಳಪೊರೆ ಹುಣ್ಣಾಗುವ ಕಾಯಿಲೆ ಇದು. ಅವಳು ಉಳಿದು ಬಂದದ್ದಕ್ಕೆ ನಮ್ಮ ಮನೆಯವರು ಅನೇಕರಿಗೆ ಋಣಿಗಳಾಗಿದ್ದೇವೆ. ಅವರಲ್ಲಿ ಕೆಲವರನ್ನು ನಾವು ಕಂಡಿದ್ದೇವೆ, ಕೈಮುಗಿದಿದ್ದೇವೆ. ಇನ್ನು ಕೆಲವರು ಎಲ್ಲೋ ದೂರದ ದೇಶಗಳಲ್ಲಿ ಇಂಥ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಎಣಿಸುತ್ತ ಕುಳಿತವರು. ಅವರಿಗೂ ಕೃತಜ್ಞತೆ ಹೇಳದೆ ಈ ಬರಹ ಪೂರ್ತಿಯಾಗದೆಂದು ನನಗೆ ಅನ್ನಿಸುತ್ತದೆ.

ಮೊದಲ ಕೃತಜ್ಞತೆ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಆ ರಾತ್ರಿ ಡ್ಯೂಟಿಯಲ್ಲಿದ್ದ ಯುವ ವೈದ್ಯೆಗೆ. ತಂಗಿಗೆ ಮುಖದ ಒಂದು ಪಕ್ಕ ಮಿಂಚು ಹೊಡೆದಂತೆ ನೋಯುವ ಟ್ರೈಜೆಮಿನಲ್ ನ್ಯೂರಾಲ್ಜಿಯಾ ಇತ್ತು, ಅದಕ್ಕಾಗಿ ಕಾರ್ಬಮಜೆಪೈನ್ ಮಾತ್ರೆ ಶುರುವಾಗಿತ್ತು. ಎರಡು ವಾರ ಕಳೆಯುವಷ್ಟರಲ್ಲಿ ಜ್ವರ, ಕಣ್ಣುರಿ, ಗಂಟಲುನೋವು ಕಾಣಿಸಿಕೊಂಡವು. ಆಮೇಲೆ ಎದೆಯ ಮೇಲೆ ಕೆಂಪು ಕಲೆಗಳೆದ್ದವು. ಊರಿನಲ್ಲಿ ಆಗ ವೈರಲ್ ಜ್ವರ ಮನೆಮನೆಯಲ್ಲಿತ್ತು. ಅಮ್ಮ ಬಂದಿರಬೇಕೆಂದು ಹಿರಿಯರು ಬೇವಿನ ಸೊಪ್ಪನ್ನೂ ತಂದಿಟ್ಟಿದ್ದರು. ಆ ವೈದ್ಯೆ ತುಟಿಯ ಹುಣ್ಣು ನೋಡಿದರು, ಕಲೆಯಿದ್ದ ಜಾಗದ ಪಕ್ಕ ಬೆರಳಿನಿಂದ ಮೆಲ್ಲಗೆ ಒತ್ತಿ ಸರಿಸಿದಾಗ ಚರ್ಮ ಜಾರಿದ್ದನ್ನು ಗಮನಿಸಿದರು, ನಮ್ಮ ಭಾವನವರ ಕಡೆ ತಿರುಗಿ, "ಈ ಒಂದು ತಿಂಗಳಲ್ಲಿ ಇವರಿಗೆ ಹೊಸದಾಗಿ ಯಾವ ಮಾತ್ರೆ ಶುರುಮಾಡಿದ್ದೀರಿ? ಚೀಟಿ ಇದ್ದರೆ ತೋರಿಸಿ" ಎಂದರು. ಚೀಟಿ ನೋಡಿದವರೇ ಮಾತ್ರೆ ನಿಲ್ಲಿಸಿ, ಆ ರಾತ್ರಿಯೇ ಆಂಬುಲೆನ್ಸ್‌ನಲ್ಲಿ ಹುಬ್ಬಳ್ಳಿಗೆ ಕಳಿಸಿದರು. ಈ ಕಾಯಿಲೆಯಲ್ಲಿ ಕಾರಣವಾದ ಔಷಧಿಯನ್ನು ಬೇಗ ನಿಲ್ಲಿಸಿದಷ್ಟೂ ಬದುಕುವ ಅವಕಾಶ ಹೆಚ್ಚುತ್ತದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. ನನ್ನ ತಂಗಿಯ ಚಿಕಿತ್ಸೆ ಅಲ್ಲಿಂದಲೇ ಆರಂಭವಾಯಿತೆಂದು ನಾನು ನಂಬಿದ್ದೇನೆ.

ಅವರು ಅದಕ್ಕೂ ಮೊದಲು ಇಂಥ ರೋಗಿಯನ್ನು ಕಣ್ಣಾರೆ ಕಂಡಿರಲಿಲ್ಲವಂತೆ. ಅದು ಸಹಜವೇ. ಎಷ್ಟೋ ವೈದ್ಯರಿಗೆ ಇಡೀ ವೃತ್ತಿಜೀವನದಲ್ಲಿ ಒಬ್ಬ ರೋಗಿಯೂ ಎದುರಾಗದಿರಬಹುದು. ಹಾಗಿದ್ದೂ ಅವರು ಗುರುತಿಸಿದ್ದು ಪಠ್ಯದಲ್ಲಿ ಓದಿದ್ದರಿಂದ. ಆ ಪಠ್ಯ ಹುಟ್ಟಿದ್ದು ಯಾರೋ ಕಂಡದ್ದನ್ನು ಬರೆದಿಟ್ಟದ್ದರಿಂದ. 1922ರಲ್ಲಿ ಅಮೆರಿಕದ ವೈದ್ಯರಾದ ಸ್ಟೀವನ್ಸ್ ಮತ್ತು ಜಾನ್ಸನ್ ಇಬ್ಬರು ಹುಡುಗರ ಜ್ವರ, ಬಾಯಿಹುಣ್ಣು, ಕಣ್ಣಿನ ಉರಿಯೂತ, ಚರ್ಮದ ಕಲೆಗಳನ್ನು ವಿವರಿಸಿದರು. 1956ರಲ್ಲಿ ಸ್ಕಾಟ್ಲೆಂಡಿನ ಚರ್ಮವೈದ್ಯ ಅಲನ್ ಲಯೆಲ್ ನಾಲ್ವರು ರೋಗಿಗಳನ್ನು ವಿವರಿಸಿ ಟಾಕ್ಸಿಕ್ ಎಪಿಡರ್ಮಲ್ ನೆಕ್ರೋಲಿಸಿಸ್ ಎಂಬ ಹೆಸರು ಕೊಟ್ಟರು. ಇವೆರಡೂ ಒಂದೇ ಕಾಯಿಲೆಯ ಮಟ್ಟಗಳೆಂದು ಈಗ ಒಪ್ಪಲಾಗಿದೆ. 1993ರ ವರ್ಗೀಕರಣದ ಪ್ರಕಾರ ಮೈಯ ಚರ್ಮ ಶೇ. 10ಕ್ಕಿಂತ ಕಡಿಮೆ ಕಳಚಿದರೆ ಮೊದಲನೆಯದು, ಶೇ. 30ಕ್ಕಿಂತ ಹೆಚ್ಚಾದರೆ ಎರಡನೆಯದು, ನಡುವಿನದು ಎರಡರ ಬೆರಕೆ. ತಂಗಿಯದು ಈ ನಡುವಿನ ಮಟ್ಟದ್ದಾಗಿತ್ತು. ರೋಗಿಯ ಅಂಗೈ ಬೆರಳುಗಳೂ ಸೇರಿ ಮೈಯ ಸುಮಾರು ಶೇ. 1 ಎಂಬ ಲೆಕ್ಕದಲ್ಲಿ ಹುಬ್ಬಳ್ಳಿಯ ವೈದ್ಯರು ದಿನವೂ ಅಳೆದು ಬರೆದುಕೊಳ್ಳುತ್ತಿದ್ದರು. ಮೊದಲನೆಯ ಮಟ್ಟದಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿ, ಕೊನೆಯ ಮಟ್ಟದಲ್ಲಿ ಸುಮಾರು ಮೂವತ್ತು ಮಂದಿ ಸಾಯುತ್ತಾರೆಂದು ಅವರೇ ನಮಗೆ ಮುಚ್ಚುಮರೆಯಿಲ್ಲದೆ ತಿಳಿಸಿದರು. ಆ ಪ್ರಾಮಾಣಿಕತೆಗೂ ನಾವು ಋಣಿಗಳು.

ನೋಡಲು ಬಂದ ನೆಂಟರೆಲ್ಲ ಕೇಳಿದ್ದು ಒಂದೇ: "ಇಂಥ ಕಾಯಿಲೆಯನ್ನು ನಾವು ಕೇಳೇ ಇಲ್ಲವಲ್ಲ, ಎಷ್ಟು ಜನಕ್ಕೆ ಬರುತ್ತದೆ?" ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ನಾನು ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕುಳಿತು ಈ ಪ್ರಶ್ನೆಗೆ ಉತ್ತರ ಹುಡುಕಿದೆ. ಜರ್ಮನಿಯಲ್ಲಿ 1990ರಿಂದ ಇಂಥ ರೋಗಿಗಳ ನೋಂದಣಿ ನಡೆಯುತ್ತಿದೆ. ಇಂಥವರು ದಾಖಲಾಗಬಹುದಾದ ಆಸ್ಪತ್ರೆಗಳನ್ನು ನಿಯಮಿತವಾಗಿ ಸಂಪರ್ಕಿಸಿ, ಪ್ರತಿಯೊಬ್ಬರ ವಿವರವನ್ನು ತಜ್ಞರು ಪರಿಶೀಲಿಸಿದ ಮೇಲೆಯೇ ಎಣಿಕೆಗೆ ಸೇರಿಸುತ್ತಾರೆ. ಅಲ್ಲಿ ವರ್ಷಕ್ಕೆ ಹತ್ತು ಲಕ್ಷ ಜನಸಂಖ್ಯೆಗೆ ಒಬ್ಬಿಬ್ಬರು ಸಿಕ್ಕಿದ್ದಾರೆ. ಬ್ರಿಟನ್ನಿನ ವೈದ್ಯರ ಗಣಕ ದಾಖಲೆಗಳಿಂದ ಹೆಕ್ಕಿದ ಲೆಕ್ಕ ಹತ್ತು ಲಕ್ಷಕ್ಕೆ ಸುಮಾರು ಆರು. ಯಾವ ಲಕ್ಷಣವನ್ನು ಎಣಿಕೆಗೆ ತೆಗೆದುಕೊಂಡರು, ಯಾವ ದಾಖಲೆಯಿಂದ ಹೆಕ್ಕಿದರು, ಆ ಜನ ಯಾವ ಔಷಧಿಗಳನ್ನು ಹೆಚ್ಚು ಬಳಸುತ್ತಾರೆ ಎಂಬುದರ ಮೇಲೆ ಸಂಖ್ಯೆ ಬದಲಾಗುವುದರಿಂದ ಇವೆರಡರ ಅಂತರ ನನಗೆ ಅಚ್ಚರಿ ತರಲಿಲ್ಲ. 2011ರ ಜನಗಣತಿಯಂತೆ 6.11 ಕೋಟಿ ಜನರಿದ್ದ ಕರ್ನಾಟಕಕ್ಕೆ ಇದೇ ದರಗಳನ್ನು ಹೊಂದಿಸಿದರೆ ವರ್ಷಕ್ಕೆ ಅರವತ್ತರಿಂದ ಮುನ್ನೂರೈವತ್ತರಷ್ಟು ಜನ ಎಂದಾಗುತ್ತದೆ. ಇದು ಬರೀ ಗುಣಾಕಾರ, ಅಳತೆಯಲ್ಲ. ನಮ್ಮ ದೇಶದ ವರದಿಗಳು ಬಹುತೇಕ ಒಂದೊಂದು ಆಸ್ಪತ್ರೆಗೆ ಬಂದವರ ಪಟ್ಟಿಗಳು. ಅವುಗಳಿಂದ ಭಿನ್ನರಾಶಿಯ ಅಂಶ, ಅಂದರೆ ರೋಗಿಗಳ ಸಂಖ್ಯೆ ಸಿಗುತ್ತದೆ; ಛೇದ, ಅಂದರೆ ಅವರು ಎಷ್ಟು ಜನರ ನಡುವಿನಿಂದ ಬಂದವರೆಂಬುದು ಸಿಗುವುದಿಲ್ಲ. ಆದ್ದರಿಂದ ಯಾವ ಔಷಧಿ ಹೆಚ್ಚು ಕಾರಣವಾಗುತ್ತಿದೆ ಎಂದು ತಿಳಿದರೂ, ಎಷ್ಟು ಜನಸಂಖ್ಯೆಗೆ ಎಷ್ಟು ಎಂದು ತಿಳಿಯುವುದಿಲ್ಲ.

ಛೇದ ಬದಲಾದರೆ ವಿರಳತೆಯೂ ಬದಲಾಗುತ್ತದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಇಡೀ ಜನಸಂಖ್ಯೆಯಲ್ಲಿ ಹತ್ತು ಲಕ್ಷಕ್ಕೆ ಒಬ್ಬಿಬ್ಬರಿಗೆ ಬರುವ ಕಾಯಿಲೆ, ಕಾರ್ಬಮಜೆಪೈನ್ ಹೊಸದಾಗಿ ಶುರುಮಾಡಿದವರಲ್ಲಿ ಬಿಳಿಯರೇ ಹೆಚ್ಚಿರುವ ದೇಶಗಳಲ್ಲಿ ಹತ್ತು ಸಾವಿರಕ್ಕೆ ಒಂದರಿಂದ ಆರರಷ್ಟು, ಕೆಲವು ಏಷ್ಯಾ ದೇಶಗಳಲ್ಲಿ ಅದರ ಸುಮಾರು ಹತ್ತುಪಟ್ಟು ಎಂದು ಅಂದಾಜಿದೆ. ಇಂಥ ಪ್ರತಿಕ್ರಿಯೆ ಔಷಧಿ ಮಾರುಕಟ್ಟೆಗೆ ಬರುವ ಮುನ್ನ ನಡೆಯುವ ಪ್ರಯೋಗಗಳಲ್ಲಿ ಕಣ್ಣಿಗೆ ಬೀಳುವುದು ಕಷ್ಟ. ಮೂರು ಸಾವಿರ ಜನರಿಗೆ ಔಷಧಿ ಕೊಟ್ಟು ಒಬ್ಬರಿಗೂ ತೊಂದರೆಯಾಗಲಿಲ್ಲವೆಂದರೆ, ಅಪಾಯ ಸಾವಿರಕ್ಕೆ ಒಂದನ್ನು ಮೀರಿರಲಾರದು ಎಂದಷ್ಟೇ ಶೇ. 95 ವಿಶ್ವಾಸದಿಂದ ಹೇಳಬಹುದು. ಹತ್ತು ಸಾವಿರಕ್ಕೊಬ್ಬರ ಅಪಾಯ ತಿಳಿಯಬೇಕಾದರೆ ಔಷಧಿ ಬಳಕೆಗೆ ಬಂದ ಮೇಲೂ ಯಾರಾದರೂ ಎಣಿಸುತ್ತಲೇ ಇರಬೇಕು.

ಹಾಗೆ ಎಣಿಸಿದವರಲ್ಲಿ ತೈವಾನಿನ ಸಂಶೋಧಕರನ್ನು ನಾನು ವಿಶೇಷವಾಗಿ ನೆನೆಯುತ್ತೇನೆ. 2004ರಲ್ಲಿ ಅವರು ಕಾರ್ಬಮಜೆಪೈನ್‌ನಿಂದ ಈ ಕಾಯಿಲೆ ಬಂದ 44 ಮಂದಿಯನ್ನು ಪರೀಕ್ಷಿಸಿದಾಗ 44 ಮಂದಿಯಲ್ಲೂ ಎಚ್‌ಎಲ್‌ಎ-ಬಿ*15:02 ಎಂಬ ಜೀನ್ ರೂಪ ಸಿಕ್ಕಿತು. ಅದೇ ಮಾತ್ರೆ ತೆಗೆದುಕೊಂಡು ಏನೂ ಆಗದ 101 ಮಂದಿಯಲ್ಲಿ ಅದು ಇದ್ದದ್ದು ಮೂವರಲ್ಲಿ ಮಾತ್ರ. ಆಮೇಲೆ ಅವರು ಮಾತ್ರೆ ಬೇಕಿದ್ದ 4,877 ಮಂದಿಯ ರಕ್ತವನ್ನು ಮೊದಲೇ ಪರೀಕ್ಷಿಸಿ, ಆ ರೂಪವಿದ್ದವರಿಗೆ ಈ ಮಾತ್ರೆ ಬೇಡವೆಂದು ಸಲಹೆ ಕೊಟ್ಟರು. ಹಳೆಯ ದರದ ಪ್ರಕಾರ ಸುಮಾರು ಹತ್ತು ಜನರಿಗೆ ಬರಬೇಕಿದ್ದ ಕಾಯಿಲೆ ಯಾರಿಗೂ ಬರಲಿಲ್ಲ ಎಂದು 2011ರಲ್ಲಿ ಪ್ರಕಟಿಸಿದರು. ಯಾವ ಹತ್ತು ಮಂದಿ ಎಂದು ಯಾರೂ ಹೇಳಲಾರರು. ಆದರೆ ಹತ್ತು ಮನೆಗಳು ನಾವು ಪಟ್ಟ ಪಾಡು ಪಡಲಿಲ್ಲ ಎಂಬುದನ್ನು ಓದಿದಾಗ ನನ್ನ ಕಣ್ಣು ತುಂಬಿತು. ಭಾರತದಲ್ಲಿ 2009ರಲ್ಲಿ ವರದಿಯಾದ ಚಿಕ್ಕ ಅಧ್ಯಯನದಲ್ಲೂ ಎಂಟು ರೋಗಿಗಳ ಪೈಕಿ ಆರು ಮಂದಿಯಲ್ಲಿ ಇದೇ ರೂಪವಿತ್ತು. ತಂಗಿಯ ರಕ್ತದಲ್ಲೂ ಅದು ಇದೆಯೆಂದು ಗೊತ್ತಾದ ಮೇಲೆ, ಒಡಹುಟ್ಟಿದವರಾದ ನಮ್ಮನ್ನೂ ಅವಳ ಮಕ್ಕಳನ್ನೂ ಕೂರಿಸಿಕೊಂಡು ತಾಳ್ಮೆಯಿಂದ ವಿವರಿಸಿದ ವೈದ್ಯರಿಗೆ ವಂದನೆಗಳು. ಅವರು ಒತ್ತಿ ಹೇಳಿದ ಮಾತನ್ನು ನಾನೂ ಹೇಳುತ್ತೇನೆ: ಫಿಟ್ಸ್‌ಗೆ ಈ ಮಾತ್ರೆ ತೆಗೆದುಕೊಂಡು ಚೆನ್ನಾಗಿರುವವರು ನನ್ನ ಬರಹ ಓದಿ ಹೆದರಿ ತಾವಾಗಿಯೇ ನಿಲ್ಲಿಸಬಾರದು. ಅಪಾಯವಿರುವುದು ಹೆಚ್ಚಾಗಿ ಮೊದಲ ಎಂಟು ವಾರಗಳಲ್ಲಿ. ಆಗ ಜ್ವರದ ಜೊತೆ ಬಾಯಿಹುಣ್ಣು, ಕಣ್ಣುರಿ, ಮೈಮೇಲೆ ಕಲೆ ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು.

ಹುಬ್ಬಳ್ಳಿಯ ವಾರ್ಡಿನ ನರ್ಸ್‌ಗಳ ಬಗ್ಗೆ ಎಷ್ಟು ಬರೆದರೂ ನನಗೆ ತೃಪ್ತಿಯಾಗದು. ಈ ರೋಗಿಗಳಿಗೆ ಅಂಟುವ ಪ್ಲಾಸ್ಟರ್ ಹಾಕುವಂತಿಲ್ಲ, ಕೀಳುವಾಗ ಚರ್ಮವೂ ಬಂದುಬಿಡುತ್ತದೆ. ಡ್ರಿಪ್ಪಿನ ಸೂಜಿಯನ್ನು ಅವರು ಮೆತ್ತನೆಯ ಬ್ಯಾಂಡೇಜ್ ಸುತ್ತಿ ನಿಲ್ಲಿಸುತ್ತಿದ್ದರು. ಹಾಸಿಗೆಯ ಬಟ್ಟೆ ಗಾಯಕ್ಕೆ ಅಂಟಿಕೊಳ್ಳದಿರಲೆಂದು ಆವಿಯಲ್ಲಿ ಶುದ್ಧಗೊಳಿಸಿದ ಬಾಳೆಲೆ ಹಾಸಿ, ಅದಕ್ಕೆ ಎಣ್ಣೆ ಸವರಿ, ನಾಲ್ವರು ನಾಲ್ಕು ಕಡೆ ನಿಂತು ಒಟ್ಟಿಗೆ ಅವಳನ್ನು ಎತ್ತಿ ಮಲಗಿಸುತ್ತಿದ್ದರು. ಪ್ರತಿಸಲ ಮುಟ್ಟುವ ಮುನ್ನ "ಅಕ್ಕಾ, ಈಗ ಎಡಗಡೆ ತಿರುಗಿಸ್ತೀವಿ" ಎಂದು ಹೇಳಿಯೇ ಮುಟ್ಟುತ್ತಿದ್ದರು, ಏಕೆಂದರೆ ಅವಳಿಗೆ ಕಣ್ಣು ತೆರೆಯಲು ಆಗುತ್ತಿರಲಿಲ್ಲ. ಸೋಂಕು ತಗಲದಂತೆ ನಮ್ಮನ್ನು ಬಾಗಿಲಲ್ಲೇ ತಡೆಯುತ್ತಿದ್ದ ಹಿರಿಯ ಸಿಸ್ಟರ್ ಸಂಜೆ ಹೊರಗೆ ಬಂದು ಅಂದಿನ ಸ್ಥಿತಿಯನ್ನು ವಿವರವಾಗಿ ತಿಳಿಸದೆ ಮನೆಗೆ ಹೋಗುತ್ತಿರಲಿಲ್ಲ.

ಕಣ್ಣಿನ ವೈದ್ಯರಿಗೆ ಪ್ರತ್ಯೇಕ ಕೃತಜ್ಞತೆ ಸಲ್ಲಬೇಕು. ಚರ್ಮ ಕೆಲವು ವಾರಗಳಲ್ಲಿ ಮತ್ತೆ ಬೆಳೆಯುತ್ತದೆ, ಕಣ್ಣು ಹಾಗಲ್ಲ. ರೆಪ್ಪೆಯ ಒಳಪೊರೆ ಗುಡ್ಡೆಗೆ ಅಂಟಿಕೊಂಡರೆ, ಕಣ್ಣೀರು ಬತ್ತಿದರೆ, ಜೀವ ಉಳಿದವರೂ ದೃಷ್ಟಿ ಕಳೆದುಕೊಳ್ಳಬಹುದು. ಅವರು ಮೊದಲ ದಿನವೇ ಬಂದು, ದಿನವೂ ಅಂಟುಗಳನ್ನು ಬಿಡಿಸಿ, ಗರ್ಭದಲ್ಲಿ ಮಗುವನ್ನು ಸುತ್ತಿರುವ ಆಮ್ನಿಯೋಟಿಕ್ ಪೊರೆಯನ್ನು ಕಣ್ಣಿಗೆ ಹೊದಿಸಿದರು. ಹೆರಿಗೆಯ ನಂತರ ಆ ಪೊರೆಯನ್ನು ದಾನವಾಗಿ ಕೊಟ್ಟ ಅಪರಿಚಿತ ತಾಯಿಗೂ ನಮ್ಮ ನಮಸ್ಕಾರ. ತಂಗಿ ಈಗಲೂ ಗಂಟೆಗೊಮ್ಮೆ ಡ್ರಾಪ್ಸ್ ಹಾಕಿಕೊಳ್ಳುತ್ತಾಳೆ, ಬಿಸಿಲಿಗೆ ಕಪ್ಪು ಕನ್ನಡಕ ಬೇಕು, ಆದರೂ ಮಕ್ಕಳ ನೋಟ್‌ಬುಕ್ ತಿದ್ದುತ್ತಾಳೆ.

ಅವಳು ಐಸಿಯುನಿಂದ ಹೊರಬಂದ ದಿನ ಆಸ್ಪತ್ರೆಯ ಫಾರ್ಮಕಾಲಜಿ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರು ಫಾರಂ ಹಿಡಿದು ಬಂದರು. ಭಾರತದಲ್ಲಿ 2010ರಲ್ಲಿ ಆರಂಭವಾಗಿ, ಈಗ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನಡೆಸುತ್ತಿರುವ ಫಾರ್ಮಕೋವಿಜಿಲೆನ್ಸ್ (ಔಷಧಿಗಳ ದುಷ್ಪರಿಣಾಮಗಳ ಮೇಲೆ ನಿಗಾ ಇಡುವ) ಕಾರ್ಯಕ್ರಮಕ್ಕೆ ಕಳಿಸುವ ವರದಿ ಅದು. ಮಾತ್ರೆ ಶುರುವಾದ ದಿನ, ನಿಲ್ಲಿಸಿದ ದಿನ, ಪ್ರಮಾಣ, ಬ್ಯಾಚ್ ನಂಬರ್, ಜೊತೆಗೆ ತೆಗೆದುಕೊಂಡ ಬೇರೆ ಔಷಧಿಗಳು, ಹೆಸರಿನ ಜಾಗದಲ್ಲಿ ಬರೀ ಮೊದಲಕ್ಷರಗಳು. ಬ್ಯಾಚ್ ನಂಬರಿಗಾಗಿ ಭಾವನವರು ಮನೆಗೆ ಫೋನ್ ಮಾಡಿ ಖಾಲಿ ಸ್ಟ್ರಿಪ್ ಹುಡುಕಿಸುವವರೆಗೂ ಆ ಹುಡುಗ ಕಾದು ನಿಂತಿದ್ದ. ವೈದ್ಯರು ಮಾತ್ರವಲ್ಲ, ರೋಗಿಗಳೂ ಮನೆಯವರೂ ಇಂಥ ವರದಿ ಕೊಡಬಹುದು, ಅದಕ್ಕೆ 1800-180-3024 ಎಂಬ ಉಚಿತ ಸಹಾಯವಾಣಿ ಇದೆ ಎಂದು ತಿಳಿಸಿದವನೂ ಅವನೇ. ನನ್ನ ತಂಗಿಯನ್ನೂ ಲೆಕ್ಕಕ್ಕೆ ಸೇರಿಸಿದ ಆ ಹುಡುಗನಿಗೆ ನಮ್ಮ ಹೃತ್ಪೂರ್ವಕ ವಂದನೆ.

ಊಟ ತಂದುಕೊಟ್ಟವರು, ಮಕ್ಕಳನ್ನು ನೋಡಿಕೊಂಡವರು, ಹಣ ಹೊಂದಿಸಿದವರು, ರಜೆ ಮಂಜೂರು ಮಾಡಿಸಲು ಓಡಾಡಿದ ಶಾಲೆಯ ಮುಖ್ಯೋಪಾಧ್ಯಾಯರು, ಇವರೆಲ್ಲರ ಮನೆಗೆ ತಂಗಿಯೇ ಬಂದು ಹೋಗುವವಳಿದ್ದಾಳೆ. ಕಾರ್ಬಮಜೆಪೈನ್ ಮತ್ತು ಅದನ್ನು ಹೋಲುವ ಫಿಟ್ಸ್ ಮಾತ್ರೆಗಳಾದ ಫೆನಿಟಾಯಿನ್, ಫೀನೋಬಾರ್ಬಿಟಾಲ್, ಆಕ್ಸ್‌ಕಾರ್ಬಜೆಪೈನ್ ಕೊಡಬಾರದೆಂದು ಬರೆದ ಕಾರ್ಡನ್ನು ಲ್ಯಾಮಿನೇಟ್ ಮಾಡಿಸಿ ಅವಳ ಪರ್ಸಿನಲ್ಲಿಟ್ಟ ಊರಿನ ಮೆಡಿಕಲ್ ಶಾಪ್‌ನವರು ಅದರ ಒಂದು ಪ್ರತಿಯನ್ನು ತಮ್ಮ ಅಂಗಡಿಯಲ್ಲೂ ಇಟ್ಟುಕೊಂಡಿದ್ದಾರೆ. ಅವರಿಗೂ ಧನ್ಯವಾದಗಳು.