ಮನೆಯ ಲೆಕ್ಕ ಕರೆಂಟ್ ಬಿಲ್ಲಿಗೇ ಮುಗೀತದಾ?

ಸಂಪಾದಕರಿಗೆ ನಮಸ್ಕಾರ,

ಭಾನುವಾರದ ಪುರವಣಿಯಲ್ಲಿ ಪರಿಸರಸ್ನೇಹಿ ಮನೆ ಬಗ್ಗೆ ಬಂದದ್ದು ಓದಿದೆ. ಸೋಲಾರು, ಎಲ್‌ಇಡಿ, ಮಳೆಕೊಯ್ಲು ಎಲ್ಲ ಇತ್ತು, ಒಳ್ಳೇದೇ, ಆದ್ರೆ ಆ ಮನೆ ಯಾವ ಸಾಮಾನಿನಲ್ಲಿ ಕಟ್ಟಿದ್ದು ಅಂತ ಒಂದು ಸಾಲೂ ಇಲ್ಲ. ಒಕ್ಕಲಾದ ದಿನದಿಂದ ಲೆಕ್ಕ ಶುರು ಮಾಡಿದ್ರೆ ಹೇಗೆ ಮಾರ್ರೆ?

ನಮ್ಮದು ಪುತ್ತೂರು ಕಡೆ. ಕಳೆದ ವರ್ಷ ಅಜ್ಜನ ಕಾಲದ ಹಂಚಿನ ಮನೆ ಬಿಚ್ಚಿದೆವು, ಒಡೆದೆವು ಅಂತ ಹೇಳ್ಲಿಕ್ಕಾಗುದಿಲ್ಲ, ಬಿಚ್ಚಿದ್ದೇ. ಹಂಚು ಕೈಯಿಂದ ಕೈಗೆ ಇಳಿಸಿದ್ದು, ಪಾಚಿ ಕೆರೆದ್ರೆ ಹಿಂಬದಿಯ ಕಾರ್ಖಾನೆ ಅಚ್ಚು ಇನ್ನೂ ಓದ್ಬಹುದಿತ್ತು. ಅದೆಲ್ಲ ಈಗ ಹಟ್ಟಿಯ ಮಾಡಿನ ಮೇಲುಂಟು, ಮಾಡಿನ ಮರ, ಅಂದ್ರೆ ಪಕ್ಕಾಸು ರೀಪು, ನೆರೆಯವರು ತಗೊಂಡ್ರು, ಕೆಂಪುಕಲ್ಲು ಕೆತ್ತಿಸಿ ಕಂಪೌಂಡಿಗೆ ಹಾಕಿದೆವು. ಅದೇ ಸಮಯಕ್ಕೆ ರಸ್ತೆ ಆಚೆ 30 ವರ್ಷದ ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್) ಮನೆ ಒಂದನ್ನು ಒಡೆದ್ರು, ಸ್ಲ್ಯಾಬ್ ಸೋರ್ತಿತ್ತಂತೆ. ಬ್ರೇಕರ್ ಮೂರು ದಿನ ಕುಟ್ಟಿತು, ಕಬ್ಬಿಣ ಗುಜರಿಯವ ಕೊಂಡೋದ, ಉಳಿದ ಎಂಟು ಲೋಡು ಈಗ್ಲೂ ತೋಡಿನ ಬದಿಯಲ್ಲಿ ಬಿದ್ಕೊಂಡುಂಟು.

ಆ ಸಿಮೆಂಟು ಸುಮ್ಮನೆ ಬಂದದ್ದಲ್ಲ. ಕಲಬುರಗಿ ಕಡೆಯ ವಾಡಿಯಲ್ಲೋ ಸೇಡಂನಲ್ಲೋ ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿಯಲ್ಲಿ ಸುಡ್ಬೇಕು, ಕಲ್ಲಿದ್ದಲಿನ ಹೊಗೆ ಬಿಡಿ, 100 ಕೆಜಿ ಶುದ್ಧ ಸುಣ್ಣಕಲ್ಲು ಸುಟ್ರೆ ಆ ಕಲ್ಲಿನಿಂದಲೇ 44 ಕೆಜಿ ಕಾರ್ಬನ್ ಡೈಆಕ್ಸೈಡ್ ಏಳ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಐಐಎಸ್ಸಿಯ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲೇ ಲೆಕ್ಕ ಕೊಟ್ಟಿದ್ದಾರೆ: ಕಾಂಕ್ರೀಟ್ ಫ್ರೇಮಿನ ಬಹುಮಹಡಿ ಕಟ್ಟಡದ ಸಾಮಾನಿಗೆ ಚದರ ಮೀಟರಿಗೆ 4.21 ಗಿಗಾಜೂಲ್ ಶಕ್ತಿ ಬೇಕು, ಇಟ್ಟಿಗೆ ಗೋಡೆಯೇ ಭಾರ ಹೊರುವ ಎರಡು ಮಹಡಿಯದಕ್ಕೆ 2.92, ಸಿಮೆಂಟ್ ಸ್ವಲ್ಪ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕಿನದಕ್ಕೆ 1.61 ಸಾಕು. ಇದೂ ಕಟ್ಟುವ ತನಕದ್ದು ಮಾತ್ರ, ಒಡೆದ ಮೇಲಿಂದು ಇದರಲ್ಲಿಲ್ಲ.

ಹಾಗಂತ ನಾನು ಹಂಚಿನ ವಕಾಲತ್ತು ಮಾಡ್ತಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಪಾದ್ರಿಗಳು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದಲ್ಲಿಂದ ಹಂಚಿನ ಗೂಡುಗಳು ತಿಂದ ಸೌದೆ ಎಷ್ಟು, ಹೊಳೆಬದಿಯಿಂದ ತೆಗೆದ ಮಣ್ಣೆಷ್ಟು! ಕೆಂಪುಕಲ್ಲಿನ ಕೋರೆ ಗುಂಡಿ ಮುಚ್ಚಿದವರನ್ನೂ ನಾನು ಹೆಚ್ಚು ಕಂಡಿಲ್ಲ. ಆದ್ರೆ 70 ವರ್ಷ ಮಳೆ ತಿಂದು ಮತ್ತೆ ಇನ್ನೊಂದು ಮಾಡು ಹತ್ತುವ ಹಂಚಿಗೂ 30 ವರ್ಷಕ್ಕೇ ತೋಡಿಗೆ ಬೀಳುವ ಕಾಂಕ್ರೀಟಿಗೂ ವರ್ಷಕ್ಕಿಷ್ಟು ಅಂತ ಭಾಗಿಸಿ ನೋಡ್ಬೇಕಲ್ಲ.

ನಿಜ ಹೇಳ್ಬೇಕಂದ್ರೆ ಹೊಸ ಮನೆಗೆ ನಾವೂ ಸ್ಲ್ಯಾಬೇ ಹಾಕಿದ್ದು, ಮಗನಿಗೆ ಮೇಲೊಂದು ಮಹಡಿ ಬೇಕಂತೆ. ಎಂಜಿನಿಯರ್ ಹತ್ರ ಇದೆಲ್ಲ ಕೇಳಿದ್ದಕ್ಕೆ "ಅದು ಎಸ್ಟಿಮೇಟಲ್ಲಿ ಬರುದಿಲ್ಲ ಸರ್" ಅಂತ ನಕ್ಕರು. ಬರುವ ಹಾಗೆ ಮಾಡ್ಲಿ, ಮೊದಲು ಸರ್ಕಾರದ್ದೇ ಅಂಗನವಾಡಿ, ಶಾಲೆ ಕಟ್ಟಡಗಳ ಎಸ್ಟಿಮೇಟಿನಲ್ಲಿ ರೂಪಾಯಿ ಕಾಲಂ ಪಕ್ಕ ಇನ್ನೊಂದು ಕಾಲಂ ಹಾಕ್ಲಿ: ಸಾಮಾನು ಎಲ್ಲಿಂದ, ಎಷ್ಟು ವರ್ಷಕ್ಕೆ, ಒಡೆದ ಮೇಲೆ ಎಲ್ಲಿಗೆ.

– ಒಬ್ಬ ಓದುಗ, ಪುತ್ತೂರು