ಕೃತಕ ಮೊಣಕಾಲಿನ ವಿವರ ರೋಗಿಯ ಕೈಗೆ ಸಿಗಲಿ

ಮಾನ್ಯ ಸಂಪಾದಕರೇ,

ಗಂಗಾವತಿ, ಸಿಂಧನೂರು, ಕಾರಟಗಿಯ ಬಸ್ ನಿಲ್ದಾಣಗಳ ಸುತ್ತ ಉಚಿತ ಮೊಣಕಾಲು ತಪಾಸಣಾ ಶಿಬಿರದ ಬ್ಯಾನರು ಕಾಣದ ತಿಂಗಳಿಲ್ಲ. ವರ್ಷಗಟ್ಟಲೆ ಭತ್ತದ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿ ಮೊಣಕಾಲು ಸವೆಸಿಕೊಂಡ ಎಷ್ಟೋ ಹೆಣ್ಣುಮಕ್ಕಳು ಹುಬ್ಬಳ್ಳಿ, ಬೆಂಗಳೂರು, ಹೈದರಾಬಾದಿಗೆ ಹೋಗಿ ಕೀಲು ಬದಲಿಸಿಕೊಂಡು ಬಂದು ಇಂದು ಕೋಲಿಲ್ಲದೆ ನಡೆಯುತ್ತಿದ್ದಾರೆ. ಅದರ ಉಪಕಾರವನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಹಾಗೆ ಹಾಕಿಸಿಕೊಂಡ ಕೀಲು ಹತ್ತು ಹನ್ನೆರಡು ವರ್ಷಗಳ ಮೇಲೆ ಸವೆದಾಗ, ಸಡಿಲವಾದಾಗ ಅಥವಾ ಕೀವು ತುಂಬಿದಾಗ ಆ ರೋಗಿಯ ಗತಿ ಏನು ಎಂಬುದನ್ನು ನಮ್ಮ ಭಾಗದಲ್ಲಿ ಯಾರೂ ಮಾತಾಡುವುದಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತಾಯಿಗೆ 2011ರಲ್ಲಿ ಹೊರಜಿಲ್ಲೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಲ ಮೊಣಕಾಲಿನ ಕೀಲು ಬದಲಿಸಲಾಯಿತು. ಹನ್ನೊಂದು ವರ್ಷ ಏನೂ ತೊಂದರೆಯಾಗಲಿಲ್ಲ. ಹುಲಿಗಿಯ ಹುಲಿಗೆಮ್ಮನ ಗುಡಿಯ ಹುಣ್ಣಿಮೆಯನ್ನು ಆಕೆ ತಪ್ಪಿಸಿದವಳಲ್ಲ. 2022ರ ಕೊನೆಯಲ್ಲಿ ಕಾಲು ಊರಿದಾಗ ಒಳಗೆ ಕಟಕ್ಕೆಂದು ಸದ್ದಾಗತೊಡಗಿತು, ಮೊಣಕಾಲು ಬಾತುಕೊಂಡಿತು, ಬಸ್ಸಿನ ಮೆಟ್ಟಿಲು ಹತ್ತುವಾಗ ಕಾಲು ಪಕ್ಕಕ್ಕೆ ಜಾರಿದಂತಾಗಿ ಕಂಬಿ ಹಿಡಿದು ನಿಂತುಬಿಡುತ್ತಿದ್ದಳು. ಬೇರೊಂದು ಊರಿನ ತಜ್ಞರಲ್ಲಿ ತೋರಿಸಿದಾಗ ಅವರು ಮೊದಲು ಕೇಳಿದ್ದು ಹಳೆಯ ಶಸ್ತ್ರಚಿಕಿತ್ಸೆಯ ದಾಖಲೆ. ನಮ್ಮಲ್ಲಿದ್ದದ್ದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿಟ್ಟಿದ್ದ ಒಂದು ಡಿಸ್ಚಾರ್ಜ್ ಚೀಟಿ ಮಾತ್ರ. ಅದರಲ್ಲಿ ಬಲಗಾಲಿನ ಕೀಲು ಬದಲಿಸಲಾಗಿದೆ ಎಂಬ ಒಂದು ಸಾಲು ಇತ್ತೇ ಹೊರತು, ಯಾವ ಕಂಪನಿಯ ಕೀಲು, ಯಾವ ಅಳತೆ ಎಂಬುದು ಇರಲಿಲ್ಲ. ಹಳೆಯ ಆಸ್ಪತ್ರೆಗೆ ಎರಡು ಸಲ ಹೋದೆ. ಅಷ್ಟು ಹಳೆಯ ಕಡತಗಳನ್ನು ಇಟ್ಟುಕೊಂಡಿಲ್ಲ ಎಂದರು. ಮನೆಗೆ ಬಂದು ಹೇಳಿದಾಗ ತಾಯಿ, "ನನ್ನ ಕಾಲಾಗ ಏನ್ ಹಾಕ್ಯಾರ ಅನ್ನೋದು ನನಗೂ ಗೊತ್ತಿಲ್ಲ, ಹಾಕಿದವರಿಗೂ ಗೊತ್ತಿಲ್ಲೇನು?" ಎಂದು ಕೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

ಈ ವಿವರ ಏಕೆ ಅಷ್ಟು ಮುಖ್ಯ ಎಂಬುದು ನನಗೂ ಆಗ ತಿಳಿದಿರಲಿಲ್ಲ. ಕೃತಕ ಮೊಣಕಾಲಿನಲ್ಲಿ ತೊಡೆಯ ಮೂಳೆಯ ತುದಿಗೆ ಒಂದು ಲೋಹದ ಹೊದಿಕೆ, ಕೆಳಗಿನ ಮೂಳೆಯ ಮೇಲೆ ಒಂದು ಲೋಹದ ತಟ್ಟೆ, ಇವೆರಡರ ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಪದರ ಇರುತ್ತದೆ. ಕೆಲವರಲ್ಲಿ ಲೋಹದ ಭಾಗಗಳು ಮೂಳೆಗೆ ಭದ್ರವಾಗಿಯೇ ಇದ್ದು ಈ ಪದರವಷ್ಟೇ ಸವೆದಿರುತ್ತದೆ. ಅಂಥವರಲ್ಲಿ, ಉಳಿದೆಲ್ಲ ಸರಿಯಿದ್ದರೆ, ಪದರವೊಂದನ್ನೇ ಬದಲಿಸುವ ಸಾಧ್ಯತೆ ಇದೆ. ಆದರೆ ಒಂದು ಕಂಪನಿಯ ಪದರ ಮತ್ತೊಂದು ಕಂಪನಿಯ ತಟ್ಟೆಯಲ್ಲಿ ಕೂರುವುದಿಲ್ಲ, ಅದೇ ಕಂಪನಿಯದಾದರೂ ಅಳತೆ ತಪ್ಪಿದರೆ ಕೂರುವುದಿಲ್ಲ. ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮೊಬೈಲಿನಲ್ಲಿ ದೊಡ್ಡದು ಮಾಡಿ, ತಮ್ಮ ಸಹೋದ್ಯೋಗಿಗಳಿಗೆ ಕಳುಹಿಸಿ ಕೇಳಿದರು. ಮೂವರು ಮೂರು ಹೆಸರು ಹೇಳಿದರು. ಕೊನೆಗೆ ಪೂರ್ತಿ ಕೀಲನ್ನೇ ಬದಲಿಸಲು ಸಿದ್ಧರಾಗಿ ಶಸ್ತ್ರಚಿಕಿತ್ಸೆಗೆ ಇಳಿಯಬೇಕಾಯಿತು. ಭದ್ರವಾಗಿ ಅಂಟಿದ್ದ ಲೋಹವನ್ನು ಬಿಡಿಸುವಾಗ ಸ್ವಲ್ಪ ಮೂಳೆಯೂ ಹೋಯಿತು, ಆ ಜಾಗ ತುಂಬಲು ಲೋಹದ ತುಂಡು, ಮೂಳೆಯ ಟೊಳ್ಳಿನೊಳಗೆ ಇಳಿಯುವ ಉದ್ದನೆಯ ಕಡ್ಡಿ ಇವೆಲ್ಲ ಬೇಕಾದವು. ಹೊರತೆಗೆದ ತಟ್ಟೆಯ ಅಡಿಯಲ್ಲಿ ಕಂಪನಿಯ ಹೆಸರು, ಅಳತೆ, ಯಾವ ಕಂತಿನಲ್ಲಿ ತಯಾರಾದದ್ದೆಂದು ತೋರಿಸುವ ಲಾಟ್ ನಂಬರು ಮೂರೂ ಸ್ಪಷ್ಟವಾಗಿ ಕೊರೆದಿದ್ದವು. ನಾವು ನಾಲ್ಕು ತಿಂಗಳು ಹುಡುಕಿದ ಮಾಹಿತಿ ಕಾಲು ಕೊಯ್ದ ಮೇಲೆ ಸಿಕ್ಕಿತು. ಮೊದಲೇ ತಿಳಿದಿದ್ದರೂ ಆ ಮಾದರಿಯ ಪದರ ಈಗ ಮಾರುಕಟ್ಟೆಯಲ್ಲಿ ಸಿಗದೇ ಇರಬಹುದಿತ್ತು ಎಂದು ವೈದ್ಯರು ಪ್ರಾಮಾಣಿಕವಾಗಿ ಹೇಳಿದರು. ಆದರೆ ಅದನ್ನು ವಿಚಾರಿಸುವ ಅವಕಾಶವೇ ನಮಗೆ ಇರಲಿಲ್ಲವಲ್ಲ ಎಂಬುದು ನನ್ನ ಸಂಕಟ.

ನಿಯಮದಲ್ಲಿರುವ ಕೊರತೆಯೂ ಇಲ್ಲಿಯೇ ಇದೆ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯ ಪ್ರಕಾರ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಯ್ದಿಟ್ಟರೆ ಸಾಕು. ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಜ್ವರಕ್ಕೆ, ಅಪೆಂಡಿಕ್ಸಿಗೆ 3 ವರ್ಷ ಸಾಕಾಗಬಹುದು. ಹದಿನೈದು ಇಪ್ಪತ್ತು ವರ್ಷ ದೇಹದೊಳಗೆ ಇರಬೇಕಾದ ಕೀಲಿಗೆ ಅದು ಹೇಗೆ ಸಾಕಾದೀತು? ನಾನು ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು. ನಮ್ಮಲ್ಲಿಂದ ಹೊರಡುವ ಅಕ್ಕಿಯ ಚೀಲಕ್ಕೂ ಲಾಟ್ ನಂಬರು ಬರೆದಿಡುತ್ತೇವೆ. ಕೀಲಿನ ಪ್ರತಿ ಭಾಗದ ಪೆಟ್ಟಿಗೆಯಲ್ಲೂ ಕಂಪನಿ, ಅಳತೆ, ಲಾಟ್ ನಂಬರಿನ ಸ್ಟಿಕ್ಕರುಗಳು ಬಂದೇ ಬರುತ್ತವೆ. ಅವುಗಳಲ್ಲಿ ಒಂದನ್ನು ಆಸ್ಪತ್ರೆಯ ಕಡತಕ್ಕೂ ಇನ್ನೊಂದನ್ನು ರೋಗಿಯ ಡಿಸ್ಚಾರ್ಜ್ ಚೀಟಿಗೂ ಅಂಟಿಸಲು ಹೆಚ್ಚಿನ ಖರ್ಚೇನೂ ಇಲ್ಲ. 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ಮೊಣಕಾಲಿನ ಕೀಲುಗಳಿಗೆ ಬೆಲೆ ಮಿತಿ ಹಾಕಿದಾಗ, ಬಿಲ್ಲಿನಲ್ಲಿ ಕೀಲಿನ ಬೆಲೆಯನ್ನು ಪ್ರತ್ಯೇಕವಾಗಿ ತೋರಿಸಿ ಬ್ರ್ಯಾಂಡ್, ತಯಾರಕರು ಮತ್ತು ಬ್ಯಾಚ್ ಸಂಖ್ಯೆಯನ್ನು ನಮೂದಿಸಬೇಕೆಂದೂ ಆದೇಶಿಸಿತು. ಆಗ ನಿಗದಿಯಾದ ಮಿತಿ, ತೆರಿಗೆ ಬಿಟ್ಟು, ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಲೋಹದ ಕೀಲಿಗೆ 54,720 ರೂಪಾಯಿ. ಎರಡನೆಯ ಸಲ ಹಾಕುವ ರಿವಿಷನ್ ಕೀಲಿಗೆ 1,13,950 ರೂಪಾಯಿ. ಎರಡನೆಯ ಸಲದ ಭಾರ ಎಷ್ಟೆಂಬುದು ಈ ಎರಡು ಅಂಕಿಗಳಲ್ಲೇ ಕಾಣುತ್ತದೆ, ಇನ್ನು ಆಸ್ಪತ್ರೆಯ ಖರ್ಚು ಬೇರೆ.

ಕೀಲುಗಳು ಬೇಗ ಕೆಡುತ್ತವೆ ಎಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಪೂರ್ತಿ ಬದಲಿಸಿದ ಮೊಣಕಾಲುಗಳಲ್ಲಿ ಶೇ 82ರಷ್ಟು 25 ವರ್ಷ ಬಾಳುತ್ತವೆ ಎಂದು 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಅಧ್ಯಯನವೊಂದು ಅಂದಾಜು ಮಾಡಿತು. ಅದನ್ನು ಹೇಳಲು ಸಾಧ್ಯವಾದದ್ದು ಆಸ್ಟ್ರೇಲಿಯಾ, ಫಿನ್‌ಲ್ಯಾಂಡ್ ದೇಶಗಳು ಹಾಕಿದ ಪ್ರತಿ ಕೀಲನ್ನೂ ರಾಷ್ಟ್ರೀಯ ನೋಂದಣಿಯಲ್ಲಿ ಬರೆದಿಟ್ಟದ್ದರಿಂದ. ಸ್ವೀಡನ್ ಈ ಕೆಲಸವನ್ನು 1975ರಲ್ಲೇ ಆರಂಭಿಸಿತು. ನಮ್ಮಲ್ಲಿ ಶಸ್ತ್ರವೈದ್ಯರ ಸಂಘದ ನೋಂದಣಿ ಇದೆಯಾದರೂ ವಿವರ ಕೊಡುವುದು ಬಿಡುವುದು ಆಯಾ ವೈದ್ಯರ ಇಚ್ಛೆಗೆ ಬಿಟ್ಟದ್ದು.

ಇನ್ನೊಂದು ಮಾತನ್ನು ನಮ್ಮ ಊರುಗಳ ಓದುಗರಿಗಾಗಿಯೇ ಬರೆಯುತ್ತೇನೆ. ಆಪರೇಷನ್ ಆದ ಮೊಣಕಾಲು ನೋಯುತ್ತಿದೆ ಎಂದ ಮಾತ್ರಕ್ಕೆ ಮತ್ತೆ ಕೊಯ್ಯಿಸಿಕೊಳ್ಳಬಾರದು. ಸೊಂಟದ ಕೀಲಿನಿಂದ, ಬೆನ್ನಿನ ನರದಿಂದಲೂ ಮೊಣಕಾಲಿಗೆ ನೋವು ಇಳಿಯುತ್ತದೆ. ಕಾರಣ ಸಿಗದೆ ಮಾಡಿದ ಎರಡನೆಯ ಶಸ್ತ್ರಚಿಕಿತ್ಸೆಯಿಂದ ನೋವು ಹೋಗುವ ಭರವಸೆ ಕಡಿಮೆ. ಮೊದಲು ಸೋಂಕು ಇದೆಯೇ ಎಂದು ನೋಡಬೇಕು. ಅದಕ್ಕೆ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆ, ಜೊತೆಗೆ ಕೀಲಿನೊಳಗಿನ ನೀರನ್ನು ಸೂಜಿಯಿಂದ ತೆಗೆದು ಮಾಡುವ ಪರೀಕ್ಷೆ ಬೇಕು. ನಾವು ಮಾಡಿದ ತಪ್ಪನ್ನು ಬೇರೆಯವರು ಮಾಡದಿರಲಿ: ಮೊಣಕಾಲು ಬಾತ ಕೂಡಲೇ ಊರಿನಲ್ಲೇ ಆ್ಯಂಟಿಬಯೋಟಿಕ್ ಮಾತ್ರೆ ನುಂಗಿಸಿದ್ದೆವು. ಮಾತ್ರೆಯ ಪ್ರಭಾವದಲ್ಲಿ ರೋಗಾಣು ಪರೀಕ್ಷೆಯಲ್ಲಿ ಬೆಳೆಯದೆ ಹೋಗಬಹುದೆಂದು ವೈದ್ಯರು ಅದನ್ನು ನಿಲ್ಲಿಸಿ ಎರಡು ವಾರ ಕಾಯಿಸಿದರು. ಪುಣ್ಯಕ್ಕೆ ಸೋಂಕು ಇರಲಿಲ್ಲ. ಇದ್ದಿದ್ದರೆ ಹಳೆಯ ಕೀಲು ತೆಗೆದು, ಔಷಧ ಬೆರೆಸಿದ ಸಿಮೆಂಟಿನ ತುಂಡು ಇಟ್ಟು, ವಾರಗಟ್ಟಲೆ ಚಿಕಿತ್ಸೆ ಕೊಟ್ಟು, ಸೋಂಕು ಹೋದ ಮೇಲೆ ಇನ್ನೊಮ್ಮೆ ಕೊಯ್ದು ಹೊಸ ಕೀಲು ಹಾಕಬೇಕಾಗುತ್ತಿತ್ತು. ಕೂಲಿಯಿಂದ ಬದುಕುವ ಮನೆಯವರು ಪರವೂರಿನಲ್ಲಿ ಅಷ್ಟು ದಿನ ಹೇಗೆ ಇದ್ದಾರು?

ರಾಯಚೂರಿಗೆ ಏಮ್ಸ್ ಬೇಕೆಂದು ಜನ ಧರಣಿ ಕುಳಿತ ಭಾಗ ಇದು. ದೊಡ್ಡ ಆಸ್ಪತ್ರೆ ಬಂದಾಗ ಬರಲಿ. ಅಲ್ಲಿಯ ತನಕ ಕೊಪ್ಪಳದ ಕಿಮ್ಸ್, ರಾಯಚೂರಿನ ರಿಮ್ಸ್, ಬಳ್ಳಾರಿಯಲ್ಲಿ ನಾವೆಲ್ಲ ಇನ್ನೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆ, ಈ ಮೂರರ ಮೂಳೆ ವಿಭಾಗದಲ್ಲಿ ವಾರಕ್ಕೊಂದು ದಿನವನ್ನು ಕೀಲು ಬದಲಿಸಿಕೊಂಡ ಮೇಲೂ ನೋಯುತ್ತಿರುವವರಿಗೆಂದೇ ಮೀಸಲಿಡಬೇಕು. ಎಕ್ಸ್‌ರೇ, ರಕ್ತಪರೀಕ್ಷೆ, ಕೀಲಿನ ನೀರಿನ ಪರೀಕ್ಷೆ ಇಲ್ಲೇ ಆದರೆ, ನಿಜವಾಗಿ ಶಸ್ತ್ರಚಿಕಿತ್ಸೆ ಬೇಕಾದವರು ಮಾತ್ರ ಸಿದ್ಧ ಕಾಗದಗಳೊಂದಿಗೆ ಹೊರಗೆ ಹೋಗುತ್ತಾರೆ. ಆಯುಷ್ಮಾನ್ ಕಾರ್ಡಿನ ಮೇಲೆ ರಿವಿಷನ್ ಎಲ್ಲಿ ಆಗುತ್ತದೆ ಎಂಬುದನ್ನೂ ಅಲ್ಲಿಯೇ ಗೋಡೆಯ ಮೇಲೆ ಬರೆಸಲಿ. ಕೀಲಿನ ದಾಖಲೆಯನ್ನು ರೋಗಿ ಬದುಕಿರುವ ತನಕ ಕಾಯ್ದಿಡುವಂತೆ ರಾಜ್ಯ ಆರೋಗ್ಯ ಇಲಾಖೆ ಪ್ರತ್ಯೇಕ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ.

ಈಚೆಗೆ ಕೀಲು ಬದಲಿಸಿಕೊಂಡವರ ಮನೆಯವರಲ್ಲಿ ಒಂದು ವಿನಂತಿ. ಇಂದೇ ಡಿಸ್ಚಾರ್ಜ್ ಚೀಟಿ ಮತ್ತು ಬಿಲ್ಲು ತೆಗೆದು ನೋಡಿ. ಕಂಪನಿಯ ಹೆಸರು, ಅಳತೆ, ಲಾಟ್ ನಂಬರು ಇಲ್ಲದಿದ್ದರೆ 3 ವರ್ಷ ಮುಗಿಯುವುದರೊಳಗೆ ಆಸ್ಪತ್ರೆಗೆ ಲಿಖಿತ ಅರ್ಜಿ ಕೊಟ್ಟು ಪಡೆದುಕೊಳ್ಳಿ.

ಇಂತಿ,
ಗಿರಣಿಯ ಲೆಕ್ಕಿಗ, ಕಾರಟಗಿ, ಕೊಪ್ಪಳ ಜಿಲ್ಲೆ